ಫಾಲ್ಕನ್, ಮೊನಾರೊ, ಟೊರಾನಾ, ಚಾರ್ಜರ್: ಹಳೇ ಆಸ್ಟ್ರೇಲಿಯನ್ ಮಸಲ್ ಕಾರುಗಳಲ್ಲಿ ಯಾವುದು ಯಾರಿಗೆ?

ಸಾದಾ ಕಾರಿಗೆ ಭಾರಿ ಶಕ್ತಿಯ ಎಂಜಿನ್ ಕೂರಿಸಿದ್ದೇ ಮಸಲ್ ಕಾರು. ಆಸ್ಟ್ರೇಲಿಯದಲ್ಲಿರುವ ಕನ್ನಡಿಗರಲ್ಲಿ ಫಾಲ್ಕನ್ ಜಿಟಿ ತಗೊಳ್ಳಲೋ ಟೊರಾನಾ ತಗೊಳ್ಳಲೋ ಎಂದು ಕೇಳುವವರು ಸಾಮಾನ್ಯವಾಗಿ ಮೊದಲು ಎಂಜಿನ್ ಹೋಲಿಸುತ್ತಾರೆ. ಆಮೇಲೆ ಬಣ್ಣ ನೋಡುತ್ತಾರೆ. ತಗಡಿನ ಕಡೆ ಗಮನ ಹೋಗುವುದು ಕೊನೆಗೆ. ಕಾಗದಪತ್ರದ ಮಾತು ಬರುವ ಹೊತ್ತಿಗೆ ಮುಂಗಡ ಕೊಟ್ಟು ಆಗಿರುತ್ತದೆ. ಈ ಕ್ರಮ ಪೂರ್ತಿ ತಿರುವುಮುರುವಾಗಬೇಕು. ಈ ಕಾರುಗಳ ಬೆಲೆ ನಿಂತಿರುವುದು ಕಾಗದದ ಮೇಲೆ, ಖರ್ಚು ಕೂತಿರುವುದು ತಗಡಿನಲ್ಲಿ. ಎಂಜಿನ್ ಕೆಟ್ಟರೆ ಮಾಡಿಕೊಡುವವರು ಸಿಗುತ್ತಾರೆ, ಬಿಡಿಭಾಗವೂ ಸಿಗುತ್ತದೆ, ಖರ್ಚು ಎಷ್ಟಾದೀತು ಎಂದು ಮೊದಲೇ ಲೆಕ್ಕ ಹಾಕಬಹುದು. ತುಕ್ಕು ಹಿಡಿದ ಶೆಲ್‌ಗೆ, ಅಂದರೆ ಕಾರಿನ ಬರಿ ತಗಡಿನ ಮೈಗೆ, ಆ ಲೆಕ್ಕ ಹಾಕಲು ಬರುವುದಿಲ್ಲ.

ಇವೆಲ್ಲ ಹುಟ್ಟಿದ್ದು ಒಂದು ಗುಡ್ಡದ ದೆಸೆಯಿಂದ. ನ್ಯೂ ಸೌತ್ ವೇಲ್ಸ್‌ನ ಬ್ಯಾಥರ್ಸ್ಟ್ ಊರಿನ ಮೌಂಟ್ ಪನೋರಮಾದಲ್ಲಿ ನಡೆಯುವ ರೇಸ್‌ಗೆ 1972ರವರೆಗೂ ಶೋರೂಮಿನಲ್ಲಿ ಸಾರ್ವಜನಿಕರಿಗೆ ಮಾರುವಂಥ ಕಾರೇ ಇಳಿಯಬೇಕಿತ್ತು. ಗೆಲ್ಲಬೇಕಾದರೆ ಗೆಲ್ಲುವ ಕಾರನ್ನೇ ಅಂಗಡಿಯಲ್ಲಿ ಇಡಬೇಕು. ಹಾಗಾಗಿ ಫೋರ್ಡ್ (ಫಾಲ್ಕನ್), ಹೋಲ್ಡನ್ (ಮೊನಾರೊ, ಟೊರಾನಾ), ಕ್ರೈಸ್ಲರ್ (ಚಾರ್ಜರ್) ಮೂವರೂ ರೇಸ್ ಕಾರಿಗೆ ನಂಬರ್ ಪ್ಲೇಟ್ ಕಟ್ಟಿ ಮಾರಿದರು. 1972ರ ಜೂನ್‌ನಲ್ಲಿ, ಗಂಟೆಗೆ 160 ಮೈಲಿ ಓಡುವ ಕಾರುಗಳು ರಸ್ತೆಗೆ ಬರಲಿವೆ ಎಂದು ಸಿಡ್ನಿಯ ಪತ್ರಿಕೆಯೊಂದು ಮುಖಪುಟದಲ್ಲಿ ಬರೆಯಿತು. ರಾಜಕಾರಣಿಗಳು ಹರಿಹಾಯ್ದರು, ಕಂಪನಿಗಳು ಹಿಂದೆ ಸರಿದವು, ಫೋರ್ಡ್ ತರಲಿದ್ದ ಹೊಸ ರೇಸ್ ಫಾಲ್ಕನ್ 'ಫೇಸ್ 4' ಅಲ್ಲಿಗೇ ನಿಂತಿತು. ಫೋರ್ಡ್ 2016ರಲ್ಲಿ, ಹೋಲ್ಡನ್ 2017ರಲ್ಲಿ ಆಸ್ಟ್ರೇಲಿಯದಲ್ಲಿ ಕಾರು ತಯಾರಿಕೆಯನ್ನೇ ಮುಚ್ಚಿದವು. 2020ರಲ್ಲಿ ಹೋಲ್ಡನ್ ಎಂಬ ಹೆಸರನ್ನೂ ಕೈಬಿಡುವುದಾಗಿ ಮಾತೃಸಂಸ್ಥೆ ಘೋಷಿಸಿತು. ಇನ್ನು ಮುಂದೆ ಆಗುವುದಿಲ್ಲ ಎಂಬುದು ಖಚಿತವಾದ ವಸ್ತುವಿನ ಬೆಲೆ ಹೇಗೆ ಏರಬೇಕೋ ಹಾಗೇ ಏರಿತು. 2020–22ರ ಅಬ್ಬರದ ನಂತರ ಸ್ವಲ್ಪ ಇಳಿದೂ ಇದೆ. ಆ ಇಳಿಕೆ ಕೊಳ್ಳುವವರಿಗೆ ಅನುಕೂಲವೇ.

ಮೊದಲು ತಕ್ಕಡಿ

ಯಾವ ಕಾರಾದರೂ ಐದು ವಿಷಯಗಳಲ್ಲಿ ತೂಗಿ ನೋಡಿ: ಕಾಗದ, ತಗಡು, ಬಿಡಿಭಾಗ, ಓಡಿಸುವ ಸುಖ, ಮಾರುವಾಗಿನ ಬೇಡಿಕೆ.

ಕಾಗದ ಎಂದರೆ ರಿಜಿಸ್ಟ್ರೇಷನ್ ಮಾತ್ರವಲ್ಲ. ಎಂಜಿನ್ ಬೇಯಲ್ಲಿ ರಿವೆಟ್ ಹೊಡೆದ ಬಾಡಿ ತಟ್ಟೆ, ಶೆಲ್‌ಗೇ ಕುಟ್ಟಿದ ನಂಬರ್, ಎಂಜಿನ್ ಬ್ಲಾಕಿನ ನಂಬರ್ ಈ ಮೂರೂ ಒಂದೇ ಕಥೆ ಹೇಳಬೇಕು. ಇದಕ್ಕೇ 'ಮ್ಯಾಚಿಂಗ್ ನಂಬರ್ಸ್' ಅನ್ನುವುದು. ಜೊತೆಗೆ ಹಳೇ ಮಾಲೀಕರ ಸರಣಿ, ಡೀಲರ್ ಕೊಟ್ಟ ಪುಸ್ತಕ, ಸರ್ವೀಸ್ ಬಿಲ್ಲು, ಎಪ್ಪತ್ತರ ದಶಕದ ಫೋಟೋ ಇದ್ದರೆ ಅವೂ ಬೆಲೆ ಬಾಳುವ ವಸ್ತುಗಳೇ.

ಮಾರುಕಟ್ಟೆಯಲ್ಲಿ ನಾಲ್ಕು ಬಗೆಯ ಕಾರು ಸಿಗುತ್ತದೆ. ಮೊದಲನೆಯದು ಮೂಲ ಎಂಜಿನ್ ಸಮೇತ ಅಸಲಿ. ಎರಡನೆಯದು ಅಸಲಿಯೇ, ಎಂಜಿನ್ ಮಾತ್ರ ಬೇರೆ. ಮೂರನೆಯದು ಸಾದಾ ಫಾಲ್ಕನ್ 500 ಅಥವಾ ಸಾದಾ ಚಾರ್ಜರ್‌ಗೆ ಜಿಟಿ, ಆರ್‌/ಟಿ ವೇಷ ಹಾಕಿದ ನಕಲು. ನಾಲ್ಕನೆಯದು ರೀಬಾಡಿ: ಕೊಳೆತುಹೋದ ಅಸಲಿ ಕಾರಿನ ತಟ್ಟೆ ಕಿತ್ತು ಬೇರೆ ಒಳ್ಳೆಯ ಶೆಲ್‌ಗೆ ಹೊಡೆದದ್ದು. ನಕಲು ಎಂದು ಬಾಯಿಬಿಟ್ಟು ಹೇಳಿ ಮಾರಿದರೆ ನಕಲಿನಲ್ಲಿ ತಪ್ಪೇನಿಲ್ಲ, ಓಡಿಸುವವರಿಗೆ ಅದೇ ಎಷ್ಟೋ ವಾಸಿ. ರೀಬಾಡಿ ಹಾಗಲ್ಲ. ಅದು ಕಾರಿನ ಗುರುತನ್ನೇ ತಿದ್ದಿದಂತೆ. ಪೊಲೀಸರ ಕಣ್ಣಿಗೆ ಬಿದ್ದರೆ ಕಾರೂ ಹೋದೀತು, ದುಡ್ಡೂ ಹೋದೀತು. ತಟ್ಟೆಯ ರಿವೆಟ್ ಹೊಸದಾಗಿ ಹೊಳೆಯುತ್ತಿದ್ದರೆ, ನಂಬರಿನ ಸುತ್ತ ಗ್ರೈಂಡರ್ ಗೀರು ಇದ್ದರೆ, ಬಣ್ಣದಡಿ ಚೌಕಾಕಾರದ ವೆಲ್ಡ್ ಗೆರೆ ಬೆರಳಿಗೆ ಸಿಕ್ಕರೆ ಮಾತು ಮುಂದುವರಿಸಬೇಡಿ.

ತಗಡಿನ ಬಗ್ಗೆ ಒಂದು ಲೆಕ್ಕ ಸಾಕು. ಬಣ್ಣ ಪೂರ್ತಿ ಕಿತ್ತು, ತುಕ್ಕು ಕತ್ತರಿಸಿ, ಹೊಸ ತಗಡು ಕೂರಿಸಿ, ಬಣ್ಣ ಹೊಡೆದು, ಮೆಕಾನಿಕಲ್ ಕೆಲಸವನ್ನೂ ಮುಗಿಸುವಾಗ ಆಸ್ಟ್ರೇಲಿಯದ ಕೂಲಿಯಲ್ಲಿ ಖರ್ಚು ಲಕ್ಷ ಡಾಲರ್ ದಾಟುವುದು ಮಾಮೂಲಿ. ಕಾರು ಸಾದಾ ಮಾದರಿಯಾಗಿದ್ದರೆ ಆ ದುಡ್ಡು ಮಾರುವಾಗ ವಾಪಸು ಬರುವುದಿಲ್ಲ. 'ಪ್ರಾಜೆಕ್ಟ್ ಕಾರು, ಅಗ್ಗ' ಎಂಬ ಜಾಹೀರಾತಿನಷ್ಟು ದುಬಾರಿಯಾದದ್ದು ಈ ಲೋಕದಲ್ಲಿ ಇನ್ನೊಂದಿಲ್ಲ.

ಫಾಲ್ಕನ್ ಎಕ್ಸ್‌ವೈ ಜಿಟಿ ಮತ್ತು ಫೇಸ್ 3

ಇಡೀ ಗುಂಪಿನ ಬೆಲೆಗೆ ಅಳತೆಗೋಲು ಇದೇ. ಎಕ್ಸ್‌ವೈ ಎಂಬುದು ಫಾಲ್ಕನ್‌ನ ಒಂದು ತಲೆಮಾರಿನ ಗುರುತು, ಜಿಟಿ-ಎಚ್‌ಒ ಎಂದರೆ ಜಿಟಿಯ ರೇಸ್ ರೂಪ. 1971ರ ಜಿಟಿ-ಎಚ್‌ಒ ಫೇಸ್ 3 ತಯಾರಾಗಿದ್ದು 300. ಅದೇ ವರ್ಷ ಅಲನ್ ಮೊಫಾಟ್ ಅದರಲ್ಲೇ ಬ್ಯಾಥರ್ಸ್ಟ್ ಗೆದ್ದರು. 351 ಕ್ಯೂಬಿಕ್ ಇಂಚಿನ (5.8 ಲೀಟರ್) ಕ್ಲೀವ್‌ಲೆಂಡ್ ವಿ8, 780 ಸಿಎಫ್‌ಎಂ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ) ಹಾಲಿ ಕಾರ್ಬೊರೇಟರ್, ಟಾಪ್‌ಲೋಡರ್ ಗೇರ್‌ಬಾಕ್ಸ್, 9 ಇಂಚಿನ ಆಕ್ಸಲ್, 36 ಗ್ಯಾಲನ್ ಟ್ಯಾಂಕ್. ಕಂಪನಿ ಹೇಳಿದ್ದು 300 ಅಶ್ವಶಕ್ತಿ, ನಿಜ ಅದಕ್ಕಿಂತ ಸಾಕಷ್ಟು ಹೆಚ್ಚು. 2021ರಲ್ಲಿ ಒಂದು ಫೇಸ್ 3 ಹರಾಜಿನಲ್ಲಿ 11.5 ಲಕ್ಷ ಡಾಲರ್‌ಗೆ ಹೋಯಿತು. ಸಾಮಾನ್ಯ ಓದುಗರಿಗೆ ಇದು ಆಯ್ಕೆಯ ಪಟ್ಟಿಯಲ್ಲೇ ಇಲ್ಲ, ಆದರೂ ಇದರ ಬೆಲೆಯ ಮೇಲೆ ಕಣ್ಣಿಟ್ಟಿರಬೇಕು. ಫೇಸ್ 3 ಏರಿದರೆ ಸಾದಾ ಎಕ್ಸ್‌ವೈ ಜಿಟಿ ಹಿಂದೆಯೇ ಏರುತ್ತದೆ, ಇಳಿದರೂ ಜೊತೆಗೇ ಇಳಿಯುತ್ತದೆ.

ಸಾದಾ ಎಕ್ಸ್‌ವೈ ಜಿಟಿ ಸುಮಾರು ಒಂದೂವರೆ ಸಾವಿರ ತಯಾರಾದವು. ನೋಡಲು ಹೆಚ್ಚುಕಡಿಮೆ ಅದೇ ಕಾರು: ಬಾನೆಟ್ ತೂತಿನಿಂದ ಹೊರಗೆ ಇಣುಕುತ್ತ, ಎಂಜಿನ್ ಜೊತೆಗೇ ಅಲ್ಲಾಡುವ ಶೇಕರ್ ಗಾಳಿಗೂಡು, ನಾಲ್ಕು ಬಾಗಿಲು, ಐದು ಜನಕ್ಕೆ ಜಾಗ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗಬಹುದಾದ ಮಸಲ್ ಕಾರು ಬೇಕೆಂದರೆ ಇದಕ್ಕಿಂತ ಒಳ್ಳೆಯದು ಸಿಗದು. ತಟ್ಟೆಯ ನಂಬರ್ 'ಜೆಜಿ33' ಎಂದು ಶುರುವಾಗಬೇಕು. ಆದರೆ ಅದಿದ್ದರೆ ಜಿಟಿ ಎಂದಾಯಿತೇ ಹೊರತು ಎಚ್‌ಒ ಎಂದಾಗಲಿಲ್ಲ. ಎಚ್‌ಒ ಎನ್ನುವವರ ಹತ್ತಿರ ಎಂಜಿನ್ ನಂಬರ್ ಸಮೇತ ಲಿಖಿತ ದಾಖಲೆ ಇರಲೇಬೇಕು.

ತುಕ್ಕು ಹುಡುಕಬೇಕಾದ ಮೊದಲ ಜಾಗ ವಿಂಡ್‌ಶೀಲ್ಡ್ ಕೆಳಗಿನ ಗಾಳಿಪೆಟ್ಟಿಗೆ, ಅಲ್ಲಿನವರು ಪ್ಲೀನಮ್ ಎನ್ನುವುದು. ವೈಪರ್ ಹತ್ತಿರದ ಜಾಲರಿಯೊಳಗೆ ನಿಧಾನವಾಗಿ ಒಂದು ಲೀಟರ್ ನೀರು ಹೊಯ್ದು, ಒಳಗೆ ಕಾಲಿಡುವ ಜಾಗದ ಕಾರ್ಪೆಟ್ ಎತ್ತಿ ಕೈಯಾಡಿಸಿ. ಒದ್ದೆಯಾದರೆ ಒಳಗಿನ ತಗಡು ತೂತು ಬಿದ್ದಿದೆ. ಅದನ್ನು ಸರಿಮಾಡಲು ಮುಂಭಾಗ ಅರ್ಧ ಬಿಚ್ಚಬೇಕು. ಆಮೇಲೆ ಮುಂದಿನ ಚಾಸಿ ರೈಲುಗಳು, ಬಾಗಿಲ ಕೆಳಗಿನ ಸಿಲ್, ಹಿಂಗಾಜಿನ ಕೆಳಮೂಲೆ, ಡಿಕ್ಕಿಯ ನೆಲ.

ಕ್ಲೀವ್‌ಲೆಂಡ್ ಎಂಜಿನ್‌ಗೆ ಅದರದೇ ಮೂರು ಕಾಯಿಲೆ. ಒಂದು, ಬಿಸಿಯಾಗುವುದು. ಕೂಡಲೇ ಹೊಸ ರೇಡಿಯೇಟರ್‌ಗೆ ದುಡ್ಡು ಸುರಿಯುವವರಿದ್ದಾರೆ. ಅದಕ್ಕೂ ಮೊದಲು ಥರ್ಮೋಸ್ಟಾಟ್ ಹೊರತೆಗೆದು ನೋಡಿ. ಕ್ಲೀವ್‌ಲೆಂಡ್‌ನದ್ದಕ್ಕೆ ಅಡಿಯಲ್ಲಿ ಟೋಪಿಯಂಥ ಕೊಳವೆ ಇರುತ್ತದೆ. ನೀರು ಕಾದಾಗ ಅದು ಕೆಳಗಿಳಿದು, ಬ್ಲಾಕಿನೊಳಗಿನ ಹಿತ್ತಾಳೆ ತಟ್ಟೆಯ ತೂತನ್ನು ಮುಚ್ಚಿ, ನೀರನ್ನೆಲ್ಲ ರೇಡಿಯೇಟರ್ ಕಡೆ ತಿರುಗಿಸುತ್ತದೆ. ಫೋರ್ಡ್‌ನದೇ ಇನ್ನೊಂದು ವಿ8 ಆದ ವಿಂಡ್ಸರ್ ಎಂಜಿನ್‌ನ ಥರ್ಮೋಸ್ಟಾಟ್ ಅಳತೆಗೆ ಕೂತರೂ ಆ ಟೋಪಿ ಅದಕ್ಕಿಲ್ಲ. ತೂತು ತೆರೆದೇ ಇರುತ್ತದೆ, ಬಿಸಿ ನೀರು ರೇಡಿಯೇಟರ್‌ಗೆ ಹೋಗದೆ ಒಳಗೊಳಗೇ ಸುತ್ತುತ್ತದೆ. ಹಿತ್ತಾಳೆ ತಟ್ಟೆಯನ್ನೇ ಯಾರೋ ಕಿತ್ತೆಸೆದಿದ್ದರೂ ಇದೇ ಗತಿ. ಎರಡು, ಸಿಲಿಂಡರ್ ಗೋಡೆ ತೆಳು. 0.030 ಇಂಚಿಗಿಂತ ಹೆಚ್ಚು ಬೋರ್ ಮಾಡಿಸಿದ್ದರೆ ಗೋಡೆಯ ದಪ್ಪ ಅಳೆದ ಅಲ್ಟ್ರಾಸಾನಿಕ್ ರಿಪೋರ್ಟ್ ಕೇಳಿ. ಮೂರು, ಆಯಿಲ್ ಮೊದಲು ಲಿಫ್ಟರ್‌ಗಳ ಕಡೆ ಹೋಗಿ ಆಮೇಲೆ ಮೇನ್ ಬೇರಿಂಗ್‌ಗೆ ಬರುತ್ತದೆ. ಹೆಚ್ಚು ಆರ್‌ಪಿಎಂನಲ್ಲಿ ಬಹಳ ಹೊತ್ತು ಓಡಿಸಿದರೆ ಬೇರಿಂಗ್ ಒಣಗುತ್ತದೆ. ಭಾನುವಾರದ ಓಡಾಟಕ್ಕೆ ಇದೇನೂ ತೊಂದರೆಯಲ್ಲ, ಟ್ರ್ಯಾಕ್ ಮೇಲೆ ಓಡಿದ ಕಾರಾದರೆ ಆಯಿಲ್ ಪ್ಯಾನ್ ಬಿಚ್ಚಿಸಿ ನೋಡದೆ ಕೊಳ್ಳಬೇಡಿ.

ಜಿಟಿ ಬೇಕು, ಎಕ್ಸ್‌ವೈ ಕೈಗೆಟುಕದು ಎನ್ನುವವರಿಗೆ 1972ರ ನಂತರದ ಎಕ್ಸ್‌ಎ, ಎಕ್ಸ್‌ಬಿ ಜಿಟಿಗಳಿವೆ. ಅದರಲ್ಲೂ ನಾಲ್ಕು ಬಾಗಿಲಿನವು. ಎಂಜಿನ್ ಗುಣ ಅದೇ, ಬೆಲೆ ಇಳಿಕೆ. ಎರಡು ಬಾಗಿಲ ಹಾರ್ಡ್‌ಟಾಪ್‌ಗೆ ಬೇಡಿಕೆ ಬೇರೆ: ಬ್ಯಾಥರ್ಸ್ಟ್‌ನಲ್ಲಿ 1973, 1974ರಲ್ಲಿ ಎಕ್ಸ್‌ಎ ಹಾರ್ಡ್‌ಟಾಪ್ ಗೆದ್ದಿತು, ಬೆಲೆಯೂ ಅದಕ್ಕೆ ತಕ್ಕಂತೆ. ಉಳಿದುಹೋದ ಹಾರ್ಡ್‌ಟಾಪ್ ಶೆಲ್‌ಗಳನ್ನು ಖಾಲಿ ಮಾಡಲು 1978ರಲ್ಲಿ 400 ಎಕ್ಸ್‌ಸಿ ಕೋಬ್ರಾಗಳನ್ನು ಬಿಳಿ–ನೀಲಿ ಪಟ್ಟೆ ಬಳಿದು ಮಾರಿದರು. ಒಂದೊಂದಕ್ಕೂ ನಂಬರ್ ಇರುವುದರಿಂದ ಪತ್ತೆ ಸುಲಭ. ಒಳಗಿರುವುದು 5.8 ಲೀಟರೋ 4.9 ಲೀಟರೋ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ.

ಹೋಲ್ಡನ್ ಮೊನಾರೊ

1968ರ ಎಚ್‌ಕೆ ಜಿಟಿಎಸ್ 327 ಅದೇ ವರ್ಷ ಬ್ಯಾಥರ್ಸ್ಟ್ ಗೆದ್ದಿತು, ಮರುವರ್ಷ ಎಚ್‌ಟಿ ಜಿಟಿಎಸ್ 350 ಗೆದ್ದಿತು. ಎಚ್‌ಕೆ, ಎಚ್‌ಟಿ ಎಂಬುವು ತಲೆಮಾರಿನ ಗುರುತು, ಕೊನೆಯ ಸಂಖ್ಯೆ ಎಂಜಿನ್‌ನ ಕ್ಯೂಬಿಕ್ ಇಂಚು. ಎರಡರಲ್ಲೂ ಅಮೆರಿಕದಿಂದ ತರಿಸಿದ ಶೆವರ್ಲೆ ವಿ8. ಕೊಳ್ಳುವವರಿಗೆ ಇದರ ದೊಡ್ಡ ಲಾಭ ಇಲ್ಲೇ: ಶೆವರ್ಲೆ ಸ್ಮಾಲ್ ಬ್ಲಾಕ್‌ನ ಬಿಡಿಭಾಗ ಜಗತ್ತಿನ ಯಾವ ಮೂಲೆಯಿಂದಲೂ ಬರುತ್ತದೆ. ದೊಡ್ಡ ನಷ್ಟವೂ ಇಲ್ಲೇ: ಅದೇ ಬಗೆಯ ಬ್ಲಾಕ್ ಎಲ್ಲೆಡೆ ಸಿಗುವುದರಿಂದ ಸಾದಾ ಎಚ್‌ಕೆಗೆ 327 ಕೂರಿಸಿ ಅಸಲಿ ಎಂದು ನಂಬಿಸುವುದೂ ಸುಲಭ. ಬಾಡಿ ತಟ್ಟೆಯಲ್ಲಿ ಜಿಟಿಎಸ್‌ನ ಮಾದರಿ ಸಂಖ್ಯೆ 81837 ಇರಬೇಕು. ಆದರೆ ಅದು ಜಿಟಿಎಸ್ ಎಂದಷ್ಟೇ ಹೇಳುತ್ತದೆ, 327 ಎಂದಲ್ಲ. ಎಂಜಿನ್ ನಂಬರಿನ ದಾಖಲೆ ಇಲ್ಲದಿದ್ದರೆ 327ರ ಬೆಲೆ ಕೊಡಬೇಡಿ.

ಓಡಿಸಲು ಕೊಳ್ಳುವವರು 1971ರ ನಂತರದ ಎಚ್‌ಕ್ಯೂ ಕೂಪೆ ನೋಡಲಿ. ನಾಲ್ಕೂ ಚಕ್ರಕ್ಕೆ ಕಾಯಿಲ್ ಸ್ಪ್ರಿಂಗ್ ಇರುವುದರಿಂದ ಹಿಂದಿನ ತಲೆಮಾರಿಗಿಂತ ಮೆತ್ತಗೆ ಸಾಗುತ್ತದೆ. ಹೋಲ್ಡನ್‌ನದೇ 253 ಅಥವಾ 308 ವಿ8 ಇದ್ದರೆ ದೂರದ ಊರಿಗೂ ಧೈರ್ಯವಾಗಿ ಹೊರಡಬಹುದು. ಎಚ್‌ಕ್ಯೂ ಹೋಲ್ಡನ್‌ಗಳು ಲಕ್ಷಗಟ್ಟಲೆ ತಯಾರಾದ್ದರಿಂದ ಬಾಗಿಲ ರಬ್ಬರ್‌ನಿಂದ ನೆಲದ ತಗಡಿನವರೆಗೆ ಹೊಸದಾಗಿ ಮಾಡಿದ ಭಾಗ ಸಿಗುತ್ತವೆ. ಕೂಪೆಗೆ ಮಾತ್ರ ಬೇಕಾದ ಹಿಂಭಾಗದ ತಗಡು, ಗಾಜು ಕಷ್ಟ. ಆದ್ದರಿಂದ ಹಿಂಗಾಜಿನ ಸುತ್ತ, ಹಿಂಚಕ್ರದ ಕಮಾನಿನ ಮೇಲೆ ಪುಟ್ಟಿ ಇದೆಯೇ ಎಂಬುದನ್ನು ಎರಡೆರಡು ಸಲ ನೋಡಿ.

ಟೊರಾನಾ: ಸಣ್ಣ ಮೈ, ದೊಡ್ಡ ಹೆಸರು

ಇಲ್ಲಿ ಎರಡು ಬೇರೆ ಕಾರುಗಳಿವೆ, ಹೆಸರು ಮಾತ್ರ ಒಂದು. ಎಲ್‌ಸಿ ಮತ್ತು ಎಲ್‌ಜೆ ಎಕ್ಸ್‌ಯು-1 ಎರಡು ಬಾಗಿಲ, ಆರು ಸಿಲಿಂಡರ್‌ನ, ಟನ್ನಿನ ಆಸುಪಾಸು ತೂಗುವ ಹಗುರ ಕಾರುಗಳು. ಎಲ್‌ಸಿಯಲ್ಲಿ 186, ಎಲ್‌ಜೆಯಲ್ಲಿ 202 ಕ್ಯೂಬಿಕ್ ಇಂಚಿನ ಎಂಜಿನ್, ಮೂರು ಸ್ಟ್ರಾಂಬರ್ಗ್ ಕಾರ್ಬೊರೇಟರ್. 1972ರಲ್ಲಿ ಮಳೆಯ ನಡುವೆ ಪೀಟರ್ ಬ್ರಾಕ್ ದೊಡ್ಡ ಫಾಲ್ಕನ್‌ಗಳನ್ನು ಹಿಂದೆ ಹಾಕಿ ಬ್ಯಾಥರ್ಸ್ಟ್ ಗೆದ್ದದ್ದು ಎಲ್‌ಜೆಯಲ್ಲಿ. ಓಡಿಸುವ ಸುಖಕ್ಕಷ್ಟೇ ಅಂಕ ಕೊಡುವುದಾದರೆ ಈ ಗುಂಪಿನಲ್ಲಿ ಎಕ್ಸ್‌ಯು-1ಗೇ ಮೊದಲ ಸ್ಥಾನ. ತಿರುವಿನಲ್ಲಿ ಫಾಲ್ಕನ್ ತಳ್ಳಿಕೊಂಡು ಹೋದರೆ ಇದು ಹೇಳಿದ ಕಡೆ ತಿರುಗುತ್ತದೆ. ಆರು ಅಡಿ ದಾಟಿದವರು ಮಾತ್ರ ಕೊಳ್ಳುವ ಮುಂಚೆ ಅರ್ಧ ಗಂಟೆ ಕೂತು ನೋಡಲಿ.

ನಿಂತಲ್ಲಿ ಎಂಜಿನ್ ಸಮನಾಗಿ ಓಡದೆ, ಪಿಕಪ್ ಸತ್ತಂತಿದ್ದರೆ ಸ್ಟ್ರಾಂಬರ್ಗ್‌ಗಳ ಮೇಲ್ಮುಚ್ಚಳ ತೆಗೆದು ಒಳಗಿನ ರಬ್ಬರ್ ಪೊರೆಯನ್ನು ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ತೂತಿದ್ದರೂ ಪಿಸ್ಟನ್ ಮೇಲೇರುವುದಿಲ್ಲ. ಅಗ್ಗದ ರಿಪೇರಿ. ಮಾರುವವರು 'ಎಂಜಿನ್ ಕೆಲಸ ಇದೆ' ಎಂದು ಬೆಲೆ ಇಳಿಸಿದ್ದರೆ ನಿಮ್ಮ ಅದೃಷ್ಟ. ತುಕ್ಕು ಕೂರುವುದು ಬ್ಯಾಟರಿ ಕೆಳಗೆ, ರೇಡಿಯೇಟರ್ ಹಿಡಿದಿರುವ ತಗಡಿನಲ್ಲಿ, ನೆಲದಲ್ಲಿ, ಸ್ಟೆಪ್ನಿ ಗುಂಡಿಯಲ್ಲಿ.

ಎರಡನೆಯದು 1974ರ ನಂತರದ ವಿ8 ಟೊರಾನಾ: ಎಸ್‌ಎಲ್‌ಆರ್ 5000, ಅದರ ರೇಸ್ ರೂಪ ಎಲ್34, ಕೊನೆಗೆ 1977ರ ಎ9ಎಕ್ಸ್. ಎಲ್34 ಕೇವಲ 263. ಎ9ಎಕ್ಸ್ 305 ಹ್ಯಾಚ್‌ಬ್ಯಾಕ್, 100 ಸೆಡಾನ್. 1978, 1979 ಎರಡೂ ವರ್ಷ ಬ್ರಾಕ್ ಮತ್ತು ಜಿಮ್ ರಿಚರ್ಡ್ಸ್ ಎ9ಎಕ್ಸ್‌ನಲ್ಲಿ ಗೆದ್ದರು, ಎರಡನೇ ಸಲವಂತೂ ಆರು ಲ್ಯಾಪ್ ಅಂತರದಲ್ಲಿ. ಹಿಂಚಕ್ರಕ್ಕೂ ಡಿಸ್ಕ್ ಬ್ರೇಕ್, ಗಟ್ಟಿ ಸಾಲಿಸ್‌ಬರಿ ಆಕ್ಸಲ್, ಟಿ10 ಗೇರ್‌ಬಾಕ್ಸ್. ಆ ಆಕ್ಸಲ್ ಕೂರಿಸಲು ನೆಲದ ತಗಡೇ ಬೇರೆ ಬಗೆಯದು. ನಕಲು ಮಾಡುವವರು ಎಡವುವುದು ಇಲ್ಲೇ. ಬಾನೆಟ್ ಮೇಲಿನ ಗಾಳಿಗೂಡು, ಸ್ಟಿಕ್ಕರ್, ಚಕ್ರ ಎಲ್ಲ ಹಾಕಬಹುದು, ನೆಲ ಬದಲಿಸುವುದು ಕಷ್ಟ. ಎ9ಎಕ್ಸ್ ಎಂದು ಹೇಳಿದರೆ ಕಾರನ್ನು ಹಾಯ್ಸ್ಟ್ ಮೇಲೆ ಎತ್ತಿಸಿ, ನಿಜವಾದದ್ದನ್ನು ಕಂಡ ಕ್ಲಬ್ಬಿನವರೊಬ್ಬರನ್ನು ಕೆಳಗೆ ನಿಲ್ಲಿಸಿ.

ಇದನ್ನು ಇಟ್ಟುಕೊಳ್ಳಲು ಕೊಳ್ಳುತ್ತಾರೆ, ಓಡಿಸಲು ಅಲ್ಲ. ಓಡಿಸುವವರಿಗೆ ಅಸಲಿ ಎಸ್‌ಎಲ್‌ಆರ್ 5000 ಸಾಕು.

ವ್ಯಾಲಿಯಂಟ್ ಚಾರ್ಜರ್

ಈ ಪಟ್ಟಿಯಲ್ಲಿ ಕಾಗದಕ್ಕೂ ಓಡಾಟಕ್ಕೂ ನಡುವೆ ಅತಿ ಹೆಚ್ಚು ಅಂತರ ಇರುವುದು ಚಾರ್ಜರ್‌ನಲ್ಲಿ. ಅದನ್ನು ಲಾಭಕ್ಕೆ ತಿರುಗಿಸಿಕೊಳ್ಳಬಹುದು.

1971ರಲ್ಲಿ ಅಡಿಲೇಡ್‌ನ ಟಾನ್ಸ್‌ಲಿ ಪಾರ್ಕ್ ಕಾರ್ಖಾನೆಯಿಂದ ಬಂದ ವಿಎಚ್ ಚಾರ್ಜರ್‌ಗೆ ವಿ8 ಬೇಕಿರಲಿಲ್ಲ. 265 ಕ್ಯೂಬಿಕ್ ಇಂಚಿನ (4.3 ಲೀಟರ್) 'ಹೆಮಿ' ಆರು ಸಿಲಿಂಡರ್ ಎಂಜಿನ್‌ಗೆ ಮೂರು ವೆಬರ್ 45 ಡಿಸಿಒಇ ಕಾರ್ಬೊರೇಟರ್ ಕೂರಿಸಿದರು. ಆಗ ಕ್ರೈಸ್ಲರ್ ಬಳಿ ನಾಲ್ಕು ಗೇರಿನ ಬಾಕ್ಸ್ ಇರಲಿಲ್ಲ, ಇ38 ಎಂಬ ಆ ರೇಸ್ ಮಾದರಿ ಮೂರೇ ಗೇರಿನಲ್ಲಿ ರೇಸ್‌ಗೆ ಹೋಯಿತು, 280 ಅಶ್ವಶಕ್ತಿ. ಮರುವರ್ಷದ ಇ49ಗೆ ನಾಲ್ಕು ಗೇರು, 302 ಅಶ್ವಶಕ್ತಿ ಬಂತು. ಕಾಲು ಮೈಲಿಯನ್ನು 14 ಸೆಕೆಂಡು ಚಿಲ್ಲರೆಯಲ್ಲಿ ಓಡುವ ಆರು ಸಿಲಿಂಡರ್ ಕಾರು. ತಯಾರಾದದ್ದು 149 ಮಾತ್ರ, ಫೇಸ್ 3ರ ಅರ್ಧ. ಆದರೂ ಬೆಲೆ ಫೇಸ್ 3ರ ಹತ್ತಿರ ಸುಳಿಯುವುದಿಲ್ಲ, ಯಾಕೆಂದರೆ ಚಾರ್ಜರ್ ಬ್ಯಾಥರ್ಸ್ಟ್ ಗೆಲ್ಲಲಿಲ್ಲ. ಸಂಖ್ಯೆ ಕಡಿಮೆಯಾದರೆ ಬೆಲೆ ತಾನಾಗಿ ಏರುತ್ತದೆ ಎಂದು ನಂಬಿದವರು ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡಲಿ. ಏರಿಸುವುದು ಗೆದ್ದ ಕಥೆ, ಆ ಕಥೆಯೊಂದಿಗೆ ಬೆಳೆದ ಜನರ ಸಂಖ್ಯೆ.

ವೆಬರ್‌ಗಳ ಬಗ್ಗೆ ಒಂದು ಮಾತು. ಮೂರು ಕಾರ್ಬೊರೇಟರ್, ಒಂದೊಂದಕ್ಕೆ ಎರಡು ಬಾಯಿ, ಒಟ್ಟು ಆರು. ಆರೂ ಸಮನಾಗಿ ಗಾಳಿ ಎಳೆಯಬೇಕು. ಗಾಳಿ ಅಳೆಯುವ ಮೀಟರ್ ಬಾಯಿಗೆ ಹಿಡಿದು, ಮೊದಲು ಮೂರರ ಥ್ರಾಟಲ್ ಒಂದೇ ಹೊತ್ತಿಗೆ ತೆರೆಯುವಂತೆ ಲಿಂಕೇಜ್ ಹೊಂದಿಸಿ, ಆಮೇಲಷ್ಟೇ ಐಡಲ್ ಮಿಕ್ಸ್ಚರ್ ಸ್ಕ್ರೂ ಮುಟ್ಟಬೇಕು. ಕ್ರಮ ತಪ್ಪಿಸಿದರೆ ಇಡೀ ದಿನ ತಿರುಗಿಸುತ್ತಲೇ ಇರಬೇಕಾಗುತ್ತದೆ. ಕಾರ್ಬೊರೇಟರ್ ಮತ್ತು ಮ್ಯಾನಿಫೋಲ್ಡ್ ನಡುವೆ ಮೆತ್ತನೆಯ ಒ-ರಿಂಗ್ ಇರುತ್ತದೆ. ನಟ್ಟು ಬಿಗಿಯಾಗಿ ಒತ್ತಿಬಿಟ್ಟರೆ ಎಂಜಿನ್ ನಡುಕವೆಲ್ಲ ಫ್ಲೋಟ್ ಬೌಲ್‌ಗೆ ತಲುಪಿ ಪೆಟ್ರೋಲ್ ನೊರೆಯಾಗುತ್ತದೆ, ಎಂಜಿನ್ ಕೆಮ್ಮುತ್ತದೆ. ವೆಬರ್ ಕೆಟ್ಟದ್ದಲ್ಲ, ಕೂರಿಸಿದವರ ಕೈ ಭಾರ.

ಎಂಜಿನ್ ಬೇಯ ತಟ್ಟೆಯಲ್ಲಿ ಇ38, ಇ49 ಕೋಡ್ ಕಾಣಬೇಕು. ತುಕ್ಕಿಗೆ ಹಿಂಗಾಜಿನ ಕೆಳಮೂಲೆ, ಡಿಕ್ಕಿ ನೆಲ, ಪ್ಲೀನಮ್, ಮುಂದಿನ ಟಾರ್ಷನ್ ಬಾರ್ ಹಿಡಿಯುವ ಜಾಗ ನೋಡಿ. ಕೊನೆಯದು ಕೊಳೆತಿದ್ದರೆ ಸಸ್ಪೆನ್ಷನ್ ನಿಂತಿರುವುದೇ ಅನುಮಾನ. ಎಂಜಿನ್ ಬೇಯಿಂದ ಡ್ಯಾಶ್‌ಬೋರ್ಡ್‌ಗೆ ಹೋಗುವ ವೈರುಗಳ ಪ್ಲಾಸ್ಟಿಕ್ ಕನೆಕ್ಟರ್ ಎಳೆದು ನೋಡಿ. ಕಂದಾಗಿ ಕರಗಿದ್ದರೆ ವೈರಿಂಗ್ ಪೂರ್ತಿ ಹೊಸದಾಗಿ ಆಗಬೇಕು. ಬಿಡಿಭಾಗದ ವಿಷಯದಲ್ಲಿ ಚಾರ್ಜರ್ ಹಿಂದೆ: ಫೋರ್ಡ್, ಹೋಲ್ಡನ್‌ಗೆ ಸಿಗುವಷ್ಟು ಹೊಸ ತಗಡು ಇದಕ್ಕೆ ಸಿಗುವುದಿಲ್ಲ.

ಹೇಳಿದ ಲಾಭ ಯಾವುದೆಂದರೆ, ಒಂದೇ ಕಾರ್ಬೊರೇಟರ್‌ನ ಸಾದಾ 265 ಚಾರ್ಜರ್ ನೋಟದಲ್ಲಿ ಅದೇ ಕಾರು, ಶಬ್ದದಲ್ಲಿ ಮುಕ್ಕಾಲು ಅದೇ ಕಾರು, ಬೆಲೆಯಲ್ಲಿ ಇ49ರ ಒಂದು ಸಣ್ಣ ಪಾಲು. ಮೊದಲ ಮಸಲ್ ಕಾರು ಕೊಳ್ಳುವವರಿಗೆ ನಮ್ಮ ಶಿಫಾರಸು ಇದೇ.

ಬ್ರಾಕ್, ವಾಕಿನ್‌ಶಾ ಕಮೊಡೋರ್

ಹೋಲ್ಡನ್ ಕಮೊಡೋರ್‌ನಲ್ಲಿ ಪೀಟರ್ ಬ್ರಾಕ್ ತಂಡ ಮಾಡಿದ 1980ರ ವಿಸಿ ಎಚ್‌ಡಿಟಿ (500 ಕಾರು), 1985ರ ನೀಲಿ ವಿಕೆ ಗ್ರೂಪ್ ಎ (500 ಕಾರು), ಬ್ರಾಕ್ ಹೊರಬಿದ್ದ ಮೇಲಿನ 1988ರ ವಾಕಿನ್‌ಶಾ ವಿಎಲ್ (750 ಕಾರು). ಬ್ರೇಕು, ಸ್ಟಿಯರಿಂಗ್ ಹತ್ತು ವರ್ಷ ಮುಂದು. ಇವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಎಂಬತ್ತರ ದಶಕದಲ್ಲಿ ಬೆಳೆದವರಿಗೆ ಈ ಕಾರೇ ಬೇಕು, ಹಿಂದಿನವರಿಗೆ ಬೇಡ. ನಂಬರ್ ಇರುವ ಕಾರು, ನಂಬರ್ ಸರಿಹೋಗಬೇಕು, ಅಷ್ಟೇ.

ಕೈಯಲ್ಲಿರುವ ದುಡ್ಡಿಗೆ ತಕ್ಕಂತೆ

ಲಕ್ಷ ಡಾಲರ್ ಒಳಗಾದರೆ ಸಾದಾ ಚಾರ್ಜರ್, ನಾಲ್ಕು ಬಾಗಿಲ ವಿ8 ಟೊರಾನಾ ಅಥವಾ ಹೋಲ್ಡನ್, ಇಲ್ಲವೇ ನಕಲೆಂದೇ ಹೇಳಿ ಮಾರುವ ಎಕ್ಸ್‌ವೈ. ಇಲ್ಲಿ ಕಾಗದಕ್ಕೆ ದುಡ್ಡು ಕೊಡಬೇಡಿ, ತಗಡಿಗೆ ಕೊಡಿ. ಲಕ್ಷದಿಂದ ಎರಡು–ಮೂರು ಲಕ್ಷದವರೆಗೆ ಎಕ್ಸ್‌ಯು-1, ಎಕ್ಸ್‌ಬಿ ಜಿಟಿ, ಒಳ್ಳೆಯ ಎಚ್‌ಕ್ಯೂ ಜಿಟಿಎಸ್, ಎಕ್ಸ್‌ವೈ ಜಿಟಿಯವರೆಗೂ ಹೋಗಬಹುದು. ಈ ಮಟ್ಟದಲ್ಲಿ ಎಂಜಿನ್ ಬದಲಾದ ಅಸಲಿ ಕಾರು ಬಹಳ ಒಳ್ಳೆಯ ವ್ಯಾಪಾರ: ಬೆಲೆ ಸಾಕಷ್ಟು ಇಳಿದಿರುತ್ತದೆ, ಓಡಿಸುವಾಗ ವ್ಯತ್ಯಾಸ ತಿಳಿಯುವುದಿಲ್ಲ. ಅದಕ್ಕೂ ಮೇಲೆ, ಎ9ಎಕ್ಸ್ ಅಥವಾ ಫೇಸ್ 3ರ ಮಟ್ಟದಲ್ಲಿ, ದಾಖಲೆಯಲ್ಲಿ ಒಂದು ಸಣ್ಣ ಅನುಮಾನ ಇದ್ದರೂ ಬಿಟ್ಟುಬಿಡಿ. ನಿಮ್ಮಿಂದ ಕೊಳ್ಳುವವರಿಗೆ ಆ ಅನುಮಾನ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಬೆಲೆ ತಿಳಿಯಲು ಜಾಹೀರಾತು ನೋಡಬೇಡಿ. ಅಲ್ಲಿರುವುದು ಮಾರುವವರ ಆಸೆ. ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಮೊತ್ತ ನೋಡಿ, ಅದರಲ್ಲಿ ಕೊಳ್ಳುವವರ ಕಮಿಷನ್ ಸೇರಿದೆಯೇ ಎಂದು ಕೇಳಿ. ಮಾರಾಟವಾಗದೆ ವಾಪಸಾದ ಕಾರುಗಳನ್ನೂ ಎಣಿಸಿ.

ಇಟ್ಟುಕೊಳ್ಳುವ ಖರ್ಚು

ವಿಕ್ಟೋರಿಯಾದಲ್ಲಿ 25 ವರ್ಷ ದಾಟಿದ ಕಾರಿಗೆ ಕ್ಲಬ್ ಪರ್ಮಿಟ್ ಸಿಗುತ್ತದೆ, ವರ್ಷಕ್ಕೆ 45 ಅಥವಾ 90 ದಿನ ಮಾತ್ರ ಓಡಿಸಬಹುದು, ಅದಕ್ಕೊಂದು ಲಾಗ್‌ಬುಕ್. ನ್ಯೂ ಸೌತ್ ವೇಲ್ಸ್‌ನಲ್ಲಿ 30 ವರ್ಷ, 60 ದಿನ. ಎರಡಕ್ಕೂ ಮಾನ್ಯತೆ ಪಡೆದ ಕ್ಲಬ್ಬಿನ ಸದಸ್ಯತ್ವ ಬೇಕು, ಲಾಗ್‌ಬುಕ್ಕನ್ನು ಹೊರಡುವ ಮೊದಲೇ ಬರೆಯಬೇಕು. ಪೂರ್ತಿ ರಿಜಿಸ್ಟ್ರೇಷನ್‌ಗಿಂತ ಇದು ಬಹಳ ಅಗ್ಗ. ವಿಮೆ 'ಒಪ್ಪಿದ ಮೌಲ್ಯ'ದ್ದೇ ಇರಲಿ, ಮಾರುಕಟ್ಟೆ ಮೌಲ್ಯದ್ದು ಬೇಡ. ಮೌಲ್ಯವನ್ನು ಪ್ರತಿವರ್ಷ ಪರಿಷ್ಕರಿಸಿ.

ಆಸ್ಟ್ರೇಲಿಯದಲ್ಲಿ ಸೀಸದ ಪೆಟ್ರೋಲ್ 2002ರಿಂದ ಇಲ್ಲ. ಹೆಡ್‌ನಲ್ಲಿ ಗಟ್ಟಿ ವಾಲ್ವ್ ಸೀಟ್ ಹಾಕಿಸಿದ್ದರೆ ಚಿಂತೆಯಿಲ್ಲ, ಇಲ್ಲದಿದ್ದರೆ ಸೀಟು ಸವೆದು ವಾಲ್ವ್ ಒಳಗಿಳಿಯುತ್ತ ಹೋಗುತ್ತದೆ, ಟ್ಯಾಂಕಿಗೆ ಬದಲಿ ದ್ರಾವಣ ಹಾಕುತ್ತಿರಬೇಕು. 98 ಆಕ್ಟೇನ್ ಬಳಸಿ. ಇ10 ಬೇಡವೇ ಬೇಡ, ಎಥನಾಲ್ ಹಳೇ ರಬ್ಬರ್ ಪೈಪನ್ನು ತಿನ್ನುತ್ತದೆ. ಎಂಜಿನ್ ಆಯಿಲ್‌ನಲ್ಲಿ ಜಿಂಕ್ ಪ್ರಮಾಣ ಸಾಕಷ್ಟಿರಲಿ, ಹೊಸ ಕಾರಿನ ಆಯಿಲ್ ಹಾಕಿದರೆ ಕ್ಯಾಮ್‌ಶಾಫ್ಟ್ ಸವೆಯುತ್ತದೆ. ಹೊರದೇಶದಿಂದ ಹಳೇ ಸ್ಟಾಕಿನ ಬ್ರೇಕ್ ಲೈನಿಂಗ್, ಗ್ಯಾಸ್ಕೆಟ್ ತರಿಸುವ ಮುನ್ನ ಯೋಚಿಸಿ: ಕಲ್ನಾರು (ಆಸ್ಬೆಸ್ಟಸ್) ಇದ್ದರೆ ಕಸ್ಟಮ್ಸ್‌ನಲ್ಲೇ ನಿಲ್ಲುತ್ತದೆ.

ತೆರಿಗೆಯ ಮಟ್ಟಿಗೆ ಒಳ್ಳೆಯ ಸುದ್ದಿ: ಆಸ್ಟ್ರೇಲಿಯದಲ್ಲಿ ಕಾರು ಮಾರಿದ ಲಾಭಕ್ಕೆ ಕ್ಯಾಪಿಟಲ್ ಗೇನ್ಸ್ ತೆರಿಗೆ ಇಲ್ಲ. ನಷ್ಟವನ್ನೂ ತೋರಿಸುವಂತಿಲ್ಲ. ಮೇಲಿಂದ ಮೇಲೆ ಕೊಂಡು ಮಾರುತ್ತಿದ್ದರೆ ಅದು ವ್ಯಾಪಾರ, ಲೆಕ್ಕ ಬೇರೆ. ಸ್ವಂತ ನಿರ್ವಹಣೆಯ ಪೆನ್ಷನ್ ಫಂಡ್ ಹಣದಲ್ಲಿ ಕೊಂಡರೆ ಆ ಕಾರನ್ನು ನೀವು ಓಡಿಸುವಂತಿಲ್ಲ, ನಿಮ್ಮ ಮನೆಯಲ್ಲಿ ಇಡುವಂತೆಯೂ ಇಲ್ಲ.

ಮುಂದೆ ಬೆಂಗಳೂರಿಗೋ ಮೈಸೂರಿಗೋ ಮರಳುವಾಗ ಕಾರನ್ನೂ ತರುವ ಕನಸಿರುವವರಿಗೆ: ಬಲಗಡೆ ಸ್ಟಿಯರಿಂಗ್ ಇರುವುದು ಅನುಕೂಲವೇ. ಆದರೆ 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿಗೆ ಕಾರು 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು. ಹೊಸ ನೋಂದಣಿ ಶುಲ್ಕ 20,000 ರೂಪಾಯಿ, ನಂಬರ್ 'ವಿಎ' ಸರಣಿಯದು, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಎಂಜಿನ್ ಬದಲಾಯಿಸಿ ಅಂದಗೊಳಿಸಿದ ಕಾರು ಇಲ್ಲೇ ಸೋಲುತ್ತದೆ. ಆಮದು ಸುಂಕದ ಲೆಕ್ಕವನ್ನು ಕಾರು ಕೊಳ್ಳುವ ಮೊದಲೇ ಕಸ್ಟಮ್ಸ್ ಏಜೆಂಟರಿಂದ ಬರೆಸಿಕೊಳ್ಳಿ.

ನೋಡಲು ಹೋಗುವ ದಿನ

ಬೆಳಿಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರಬೇಕು. ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿದ್ದಾರೆ, ಯಾಕೆಂದು ಕೇಳಿ. ಬಣ್ಣದ ದಪ್ಪ ಅಳೆಯುವ ಮೀಟರ್ ಒಯ್ಯಿರಿ: 100–150 ಮೈಕ್ರಾನ್ ಫ್ಯಾಕ್ಟರಿ ಬಣ್ಣದ ಲಕ್ಷಣ, 300ರ ಸುತ್ತಮುತ್ತ ಮರುಬಣ್ಣ, ಸಾವಿರ ದಾಟಿದರೆ ಅಡಿಯಲ್ಲಿ ಪುಟ್ಟಿ. ಮೀಟರ್ ಇಲ್ಲದಿದ್ದರೆ ಫ್ರಿಜ್ಜಿಗೆ ಅಂಟಿಸುವ ತೆಳು ಅಯಸ್ಕಾಂತವನ್ನು ಕರವಸ್ತ್ರದಲ್ಲಿ ಸುತ್ತಿ ಹಿಂಚಕ್ರದ ಕಮಾನಿನಿಂದ ಸಿಲ್‌ವರೆಗೆ ಎಳೆಯಿರಿ. ಜಾರಿ ಬಿದ್ದ ಕಡೆ ತಗಡಿಲ್ಲ. ಕಾರು ಹೊಸದಾಗಿ ಬಣ್ಣ ಹೊಡೆದದ್ದಾಗಿದ್ದರೆ ಬಣ್ಣ ಕಿತ್ತಾಗಿನ ಫೋಟೋ ಕೇಳಿ. ನಿಜವಾಗಿ ಕೆಲಸ ಮಾಡಿಸಿದವರು ನೂರಾರು ಫೋಟೋ ತೋರಿಸುತ್ತಾರೆ, 'ಫೋನ್ ಕಳೆದುಹೋಯಿತು' ಎನ್ನುವುದಿಲ್ಲ.

ಹೊರಡುವ ಮುನ್ನವೇ 2 ಡಾಲರ್ ಕೊಟ್ಟು ಪಿಪಿಎಸ್‌ಆರ್ (ಸಾಲ, ಒತ್ತೆಗಳ ಸರ್ಕಾರಿ ದಾಖಲೆ) ತಪಾಸಣೆ ಮಾಡಿ: ಸಾಲ ಬಾಕಿಯಿದೆಯೇ, ಕಳ್ಳತನದ ದೂರಿದೆಯೇ ಎಂಬುದು ಅಲ್ಲಿ ಬರುತ್ತದೆ. ಬಹಳ ಹಳೆಯ ಕಾರಾದ್ದರಿಂದ ಚಾಸಿ ನಂಬರ್ ಹಾಕಿ ಹುಡುಕಿ. ಮುಂಗಡ ಕೊಡುವಾಗ ರಸೀದಿಯಲ್ಲಿ ತಟ್ಟೆಯ ನಂಬರ್, ಶೆಲ್ ನಂಬರ್, ಎಂಜಿನ್ ನಂಬರ್ ಮೂರನ್ನೂ ಬರೆಸಿ. 'ಅಸಲಿ ಜಿಟಿ, ಮೂಲ ಎಂಜಿನ್' ಎಂದು ಬಾಯಲ್ಲಿ ಹೇಳಿದ್ದನ್ನು ಅಕ್ಷರದಲ್ಲೂ ಹಾಕಿಸಿ, ಪರಿಶೀಲನೆಯಲ್ಲಿ ಸುಳ್ಳೆಂದು ಕಂಡರೆ ಹಣ ವಾಪಸು ಎಂಬ ಸಾಲು ಸೇರಿಸಿ. ಆ ಸಾಲಿಗೆ ಸಹಿ ಹಾಕಲು ಹಿಂದೇಟು ಹಾಕಿದರೆ ಕಾರಿನ ಕೀಲಿಯನ್ನು ವಾಪಸು ಕೊಟ್ಟು, ಪಟ್ಟಿಯಲ್ಲಿರುವ ಮುಂದಿನ ಕಾರು ನೋಡಲು ಹೊರಡಿ.